ಮನೆ ಹುಡುಗರನ್ನು ಕಳಿಸಿಕೊಟ್ಟ ತಂಡ

ನಮ್ಮ ಮನೆಯ ಬೀರುವಿನ ಕೆಳಗಿನ ಅರೆಯಲ್ಲಿ ಮೂರು ಟೀ ಶರ್ಟುಗಳಿವೆ. ಒಂದರ ಬೆನ್ನ ಮೇಲೆ 50, ಇನ್ನೊಂದರ ಮೇಲೆ 2, ಮೂರನೆಯದರ ಮೇಲೆ 11. ಮೊದಲನೆಯದು ನನ್ನದು, ಎರಡನೆಯದು ಹೆಂಡತಿಯದು, ಮೂರನೆಯದು ಮಗಳದು. ಮೂಕಿ ಬೆಟ್ಸ್, ಜ್ಯಾಂಡರ್ ಬೊಗಾರ್ಟ್ಸ್, ರಫಾಯೆಲ್ ಡೆವರ್ಸ್. 2018ರಲ್ಲಿ ನಮ್ಮ ಬೇಸ್‌ಬಾಲ್ ತಂಡ ಬಾಸ್ಟನ್ ರೆಡ್ ಸಾಕ್ಸ್, ಅಮೆರಿಕದ ಬೇಸ್‌ಬಾಲ್ ಕಪ್ ಆದ ವರ್ಲ್ಡ್ ಸೀರೀಸ್ ಗೆದ್ದಾಗ ಮೂವರೂ ಆ ತಂಡದಲ್ಲಿದ್ದರು. ಮೂವರನ್ನೂ ಈ ತಂಡವೇ ಮೀಸೆ ಚಿಗುರುವ ವಯಸ್ಸಿನಲ್ಲಿ ಕರೆತಂದು ಬೆಳೆಸಿತ್ತು. ಇವತ್ತು ಮೂವರೂ ಆಡುತ್ತಿರುವುದು ದೇಶದ ಇನ್ನೊಂದು ತುದಿಯ ಕ್ಯಾಲಿಫೋರ್ನಿಯಾದಲ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ತಂಡಗಳಿಗೆ. ಈ ಸಲ ಚಳಿಗಾಲದ ಬಟ್ಟೆ ಹೊರತೆಗೆಯುವಾಗ ಹೆಂಡತಿ, "ಇವನ್ನ ಯಾರಿಗಾದ್ರೂ ಕೊಟ್ಟುಬಿಡೋಣ್ವಾ?" ಅಂದಳು. ಮಗಳು ಬೇಡ ಅಂದಳು. ಅವಳು ತನ್ನದನ್ನು ಹಾಕಿಕೊಳ್ಳುವುದೂ ಇಲ್ಲ, ಕೊಡಲು ಬಿಡುವುದೂ ಇಲ್ಲ. ನಾನೂ ಅಷ್ಟೆ.

ಆಟಗಾರರು ತಂಡ ಬದಲಿಸುತ್ತಾರೆ ಎನ್ನುವುದು ಐಪಿಎಲ್ ಹರಾಜು ನೋಡಿದವರಿಗೆ ಹೊಸ ವಿಷಯವಲ್ಲ. 2022ರ ಹರಾಜಿಗೆ ಮುಂಚೆ ಆರ್‌ಸಿಬಿ ಚಹಲ್‌ನನ್ನು ಕೈಬಿಟ್ಟು, ಅದೇ ವರ್ಷ ಅವನು ರಾಜಸ್ಥಾನಕ್ಕೆ 27 ವಿಕೆಟ್ ತೆಗೆದು ಪರ್ಪಲ್ ಕ್ಯಾಪ್ ಹಾಕಿಕೊಂಡದ್ದನ್ನು ನಾವೆಲ್ಲ ಹಲ್ಲು ಕಚ್ಚಿಕೊಂಡು ನೋಡಿದ್ದೇವೆ. ಆದರೆ ಅಲ್ಲಿ ಒಂದು ಸಮಾಧಾನವಿತ್ತು. ಮೂರ್ನಾಲ್ಕು ವರ್ಷಕ್ಕೊಮ್ಮೆ ದೊಡ್ಡ ಹರಾಜು ಬರುತ್ತದೆ, ಇಷ್ಟೇ ಜನರನ್ನು ಇಟ್ಟುಕೊಳ್ಳಬೇಕು ಅಂತ ನಿಯಮವಿರುತ್ತದೆ, ಎಲ್ಲರ ಮನೆಯಿಂದಲೂ ಯಾರೋ ಹೋಗುತ್ತಾರೆ. ಬೇಸ್‌ಬಾಲ್‌ನಲ್ಲಿ ಅಂಥ ಹರಾಜಿಲ್ಲ. ಬೇಕು ಅಂದವರನ್ನು ಹತ್ತು ಹನ್ನೆರಡು ವರ್ಷಕ್ಕೆ ಬರೆಸಿಕೊಂಡು ಇಟ್ಟುಕೊಳ್ಳಬಹುದು. ಹಾಗಾಗಿ ಇಲ್ಲಿ ಒಬ್ಬ ಮನೆ ಹುಡುಗ ಹೋದನೆಂದರೆ, ಒಪ್ಪಂದ ಕುದುರಿಸುವ ಹೊತ್ತಿನಲ್ಲಿ ಯಾರೋ ಒಬ್ಬರು ಕೂತು ಹಾಗೆಂದು ತೀರ್ಮಾನಿಸಿರುತ್ತಾರೆ. ಆ ತೀರ್ಮಾನಗಳೇ ನನ್ನನ್ನು ಆರು ವರ್ಷದಿಂದ ಕೊರೆಯುತ್ತಿರುವುದು.

ಹದಿಮೂರು ಚುಕ್ಕೆ

ನಾವಿರುವುದು ಬಾಸ್ಟನ್ನಿನಿಂದ ಪಶ್ಚಿಮಕ್ಕೆ, ಫ್ರೇಮಿಂಗ್‌ಹ್ಯಾಮ್ ಕಡೆ. ವೂಸ್ಟರ್ ಲೈನಿನ ರೈಲು ಹತ್ತಿದರೆ ಲ್ಯಾನ್ಸ್‌ಡೌನ್ ಸ್ಟೇಷನ್ನಿನಲ್ಲಿ ಇಳಿಯಬಹುದು, ಅಲ್ಲಿಂದ ಫೆನ್‌ವೇ ಪಾರ್ಕ್ ಕೂಗಳತೆ. 1912ರಲ್ಲಿ ಕಟ್ಟಿದ ಕ್ರೀಡಾಂಗಣ. ಎಡಗಡೆ 37 ಅಡಿ ಎತ್ತರದ ಹಸಿರು ಗೋಡೆ, ಅದರ ಬುಡದಲ್ಲಿ ಇವತ್ತಿಗೂ ಒಳಗೆ ಮನುಷ್ಯರೇ ಕೂತು ಕೈಯಿಂದ ಅಂಕಿ ಬದಲಿಸುವ ಬೋರ್ಡು. ನನಗೆ ಈ ಆಟ ಕಲಿಸಿದವರು ಪಕ್ಕದ ಮನೆಯವರು. ಅಂಚೆ ಇಲಾಖೆಯಲ್ಲಿದ್ದು ನಿವೃತ್ತರಾದವರು, ಈಗ ಎಂಬತ್ತರ ಮೇಲೆ. ನನ್ನ ಮಗಳು ಅವರನ್ನು ಅಜ್ಜ ಅನ್ನುತ್ತಾಳೆ. ಆ ಪದದ ಅರ್ಥ ಕೇಳಿ ತಿಳಿದುಕೊಂಡ ದಿನದಿಂದ ಅವರೂ ಹಾಗೆ ಕರೆದರೇ ಓಗೊಡುತ್ತಾರೆ.

ಅಜ್ಜನ ಕೈಯಲ್ಲಿ ಯಾವಾಗಲೂ ಒಂದು ಸ್ಕೋರ್ ಪುಸ್ತಕ, ಒಂದು ಪೆನ್ಸಿಲ್, ಪೆನ್ಸಿಲ್ ಹಿಂದೆ ಸವೆದ ರಬ್ಬರ್. ಬೇಸ್‌ಬಾಲ್‌ನಲ್ಲಿ ಫೀಲ್ಡಿಂಗ್ ಮಾಡುವ ಒಂಬತ್ತು ಜಾಗಕ್ಕೂ ಒಂದೊಂದು ಅಂಕಿಯಿದೆ. ಇದು ಬೆನ್ನ ಮೇಲಿನ ನಂಬರ್ ಅಲ್ಲ, ನಿಲ್ಲುವ ಜಾಗದ ನಂಬರ್. ಚೆಂಡು ಎಸೆಯುವ ಪಿಚರ್ 1, ಹಿಂದೆ ಕೂರುವ ಕ್ಯಾಚರ್ 2, ಮೊದಲ ಬೇಸ್ 3, ಎರಡನೇ ಬೇಸ್ 4, ಮೂರನೇ ಬೇಸ್ 5, ಎರಡು ಮತ್ತು ಮೂರರ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6, ಆಚೆ ಹುಲ್ಲಿನಲ್ಲಿ ಎಡ, ನಡು, ಬಲ ಕ್ರಮವಾಗಿ 7, 8, 9. ಚೆಂಡು ಯಾರಿಂದ ಯಾರಿಗೆ ಹೋಗಿ ಔಟಾಯಿತು ಎನ್ನುವುದನ್ನು ಈ ಅಂಕಿಗಳಲ್ಲೇ ಬರೆಯುತ್ತಾರೆ. ಅಜ್ಜನ ಪುಸ್ತಕದಲ್ಲಿ ವರ್ಷಗಟ್ಟಲೆ ಬೆಟ್ಸ್ ಅಂದರೆ 9, ಬೊಗಾರ್ಟ್ಸ್ ಅಂದರೆ 6, ಡೆವರ್ಸ್ ಅಂದರೆ 5. ನಮ್ಮೂರಲ್ಲಿ ಪಂಕ್ತಿಯಲ್ಲಿ ಹಿರಿಯರಿಗೆ ಅವರದೇ ಜಾಗ ಅಂತ ಇರುತ್ತದಲ್ಲ, ಹಾಗೆ.

2018ರ ಜುಲೈ 12, ಗುರುವಾರ ರಾತ್ರಿ. ಟೊರಾಂಟೊ ಬ್ಲೂ ಜೇಸ್ ವಿರುದ್ಧ ಪಂದ್ಯ, ನಾನು ಅಜ್ಜನ ಪಕ್ಕ ಕೂತಿದ್ದೆ. ನಾಲ್ಕನೇ ಇನ್ನಿಂಗ್ಸ್, ಇಬ್ಬರು ಔಟಾಗಿದ್ದಾರೆ, ಮೂರೂ ಬೇಸುಗಳಲ್ಲಿ ನಮ್ಮವರು ನಿಂತಿದ್ದಾರೆ, ಬ್ಯಾಟಿಗೆ ಬೆಟ್ಸ್. ಎಸೆಯುತ್ತಿದ್ದವನು ಜೆ. ಎ. ಹ್ಯಾಪ್ ಅನ್ನುವ ಎಡಗೈ ಪಿಚರ್. ಅಜ್ಜನಿಗೆ ಪ್ರತಿ ಎಸೆತಕ್ಕೂ ಚೌಕದೊಳಗೆ ಒಂದು ಚುಕ್ಕೆ ಇಡುವ ಅಭ್ಯಾಸ. ಬೆಟ್ಸ್ ಫೌಲ್ ಮೇಲೆ ಫೌಲ್ ಹೊಡೆಯುತ್ತಾ ಹೋದ. ಒಳ್ಳೆಯ ಎಸೆತಕ್ಕೆ ಬ್ಯಾಟು ತಾಗಿಸಿ ಆಚೆ ತಳ್ಳುವುದು, ಕೆಟ್ಟದ್ದನ್ನು ಬಿಡುವುದು. ಟೆಸ್ಟ್ ಪಂದ್ಯದಲ್ಲಿ ಸಂಜೆಯ ಕೊನೆಯ ಓವರುಗಳನ್ನು ದ್ರಾವಿಡ್ ಆಡುತ್ತಿದ್ದದ್ದು ನೆನಪಿದ್ದವರಿಗೆ ಆ ಉಸಿರು ಕಟ್ಟುವ ತಾಳ್ಮೆ ಗೊತ್ತಿರುತ್ತದೆ. ಎಂಟು, ಒಂಬತ್ತು, ಹತ್ತು. ಚೌಕದಲ್ಲಿ ಜಾಗ ಮುಗಿದು ಅಜ್ಜನ ಚುಕ್ಕೆಗಳು ಗೆರೆ ದಾಟಿ ಪಕ್ಕದ ಚೌಕಕ್ಕೆ ಹೋದವು. ಆ ಹೊತ್ತಿಗೆ ಇಡೀ ಕ್ರೀಡಾಂಗಣ ಎದ್ದು ನಿಂತಿತ್ತು. ಹದಿಮೂರನೇ ಎಸೆತ ಹಸಿರು ಗೋಡೆಯ ಮೇಲಿಂದ ಹೋಯಿತು. ಹೋಮ್ ರನ್, ಬೇಸುಗಳಲ್ಲಿದ್ದ ಮೂವರೂ ಅವನೂ ಸೇರಿ ನಾಲ್ಕು ರನ್. ಬೆಟ್ಸ್ ಓಡಲು ಶುರುಮಾಡುವ ಮುಂಚೆಯೇ ತನ್ನ ತಂಡದವರ ಕಡೆ ತಿರುಗಿ ಗಂಟಲು ಬಿರಿಯುವಂತೆ ಕೂಗಿದ. ಐದಡಿ ಒಂಬತ್ತಂಗುಲದ ಮನುಷ್ಯ. ಅಜ್ಜ ಕೂಗಲಿಲ್ಲ, ಚುಕ್ಕೆಗಳನ್ನು ಎರಡು ಸಲ ಎಣಿಸಿ ಸುತ್ತಲೂ ಒಂದು ಗೆರೆ ಎಳೆದರು. ಆ ವರ್ಷ ತಂಡ 108 ಪಂದ್ಯ ಗೆದ್ದಿತು, ಬೆಟ್ಸ್ ಎಂವಿಪಿ, ಅಂದರೆ ಲೀಗಿನ ಅತ್ಯುತ್ತಮ ಆಟಗಾರ ಆದ, ಅಕ್ಟೋಬರಿನಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡವನ್ನು ಸೋಲಿಸಿ ಕಪ್ ಮನೆಗೆ ಬಂತು.

ಹದಿನಾರು ತಿಂಗಳು ಕಳೆದು, 2020ರ ಫೆಬ್ರವರಿಯಲ್ಲಿ, ಬೆಟ್ಸ್‌ನನ್ನು ಅದೇ ಡಾಡ್ಜರ್ಸ್‌ಗೆ ಕೊಟ್ಟುಬಿಟ್ಟರು.

ಲೆಕ್ಕ ಸರಿಯಿತ್ತು

ಒಂದು ಮಾತು ಒಪ್ಪಿಕೊಳ್ಳಬೇಕು. ಆವತ್ತು ನಾನು ಆ ನಿರ್ಧಾರವನ್ನು ಸಮರ್ಥಿಸಿದ್ದೆ. ನನ್ನ ಕೆಲಸ ವಿಮಾ ಕಂಪನಿಯೊಂದರಲ್ಲಿ ಅಂಕಿಗಳ ಜೊತೆ. ಬೇಸ್‌ಬಾಲ್‌ನಲ್ಲಿ ಸಂಬಳದ ಮೊತ್ತಕ್ಕೆ ಕಡ್ಡಾಯ ಮಿತಿಯಿಲ್ಲ, ಆದರೆ ಒಂದು ಗೆರೆ ದಾಟಿದರೆ ದಂಡದ ರೂಪದ ತೆರಿಗೆಯಿದೆ. ವರ್ಷ ವರ್ಷವೂ ದಾಟುತ್ತಾ ಹೋದರೆ ದರ ಏರುತ್ತದೆ, ಒಂದು ವರ್ಷ ಗೆರೆಯ ಕೆಳಗಿಳಿದರೆ ಎಲ್ಲ ಮೊದಲಿನಿಂದ ಶುರು. 2020ರ ಗೆರೆ 20.8 ಕೋಟಿ ಡಾಲರ್. ಬಾಸ್ಟನ್ ಹಿಂದಿನ ಎರಡು ವರ್ಷವೂ ಗೆರೆಯ ಮೇಲಿತ್ತು. ಬೆಟ್ಸ್‌ನ ಆ ವರ್ಷದ ಸಂಬಳ 2.7 ಕೋಟಿ, ವರ್ಷದ ಕೊನೆಗೆ ಅವನು ಸ್ವತಂತ್ರ, ಎಲ್ಲಿಗೆ ಬೇಕಾದರೂ ಹೋಗಬಹುದು. ಡೇವಿಡ್ ಪ್ರೈಸ್ ಎಂಬ ದುಬಾರಿ ಪಿಚರನ್ನೂ ಅವನ ಜೊತೆ ಸಾಗಹಾಕಿದರೆ, ಪ್ರೈಸ್‌ನ ಬಾಕಿ ಸಂಬಳದಲ್ಲಿ ಅರ್ಧ ತಾವೇ ಕಟ್ಟಿಕೊಂಡರೂ, ಗೆರೆಯ ಕೆಳಗೆ ಬರಬಹುದು. ಬದಲಿಗೆ ಮೂವರು ಎಳೆಯರು ಸಿಗುತ್ತಾರೆ. ಬರಿಗೈಯಲ್ಲಿ ಕಳಕೊಳ್ಳುವುದಕ್ಕಿಂತ ಇದು ಮೇಲಲ್ಲವೇ? ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಅಜ್ಜನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ಲೆಕ್ಕ ಸರಿಯಾಗಿದೆ. ಒಂಬತ್ತರಲ್ಲಿ ಯಾರು ನಿಲ್ತಾರೆ?" ಎಂದು ಕೇಳಿದರು.

ಆ ಪ್ರಶ್ನೆಗೆ ತಂಡದ ಹತ್ತಿರ ಉತ್ತರವಿರಲಿಲ್ಲ, ನನ್ನ ಹಾಳೆಯಲ್ಲೂ ಇರಲಿಲ್ಲ. ಜುಲೈ ಬರುವಷ್ಟರಲ್ಲಿ ಡಾಡ್ಜರ್ಸ್ ಬೆಟ್ಸ್‌ಗೆ 12 ವರ್ಷಕ್ಕೆ 36.5 ಕೋಟಿ ಡಾಲರ್ ಬರೆದುಕೊಟ್ಟಿತು. ಯಾರ ಮಾತಿಗೂ ಸಿಗದೆ ಮಾರುಕಟ್ಟೆಗೇ ಹೋಗುತ್ತಾನೆ ಅಂತ ನಾವು ನಂಬಿದ್ದ ಆಟಗಾರ, ಹೊಸ ತಂಡಕ್ಕೆ ಒಂದು ಪಂದ್ಯವನ್ನೂ ಆಡುವ ಮುಂಚೆ ಸಹಿ ಹಾಕಿದ. ಅದೇ ವರ್ಷ ಅಲ್ಲಿ ಕಪ್ ಗೆದ್ದ. ನಮಗೆ ಬಂದ ಮೂವರಲ್ಲಿ ಜೀಟರ್ ಡೌನ್ಸ್‌ನನ್ನು 2022ರ ಕೊನೆಗೆ ತಂಡದಿಂದ ತೆಗೆದರು, ಅಲೆಕ್ಸ್ ವರ್ಡೂಗೊನನ್ನು 2023ರ ಡಿಸೆಂಬರಿನಲ್ಲಿ, ಬೇರೆಲ್ಲೂ ಅಲ್ಲ, ನಮ್ಮ ಬದ್ಧವೈರಿ ನ್ಯೂಯಾರ್ಕ್ ಯಾಂಕೀಸ್‌ಗೆ ಕೊಟ್ಟರು. ಉಳಿದವನು ಕ್ಯಾಚರ್ ಕಾನರ್ ವಾಂಗ್ ಒಬ್ಬನೇ. ಅಷ್ಟರಲ್ಲಿ ಬೊಗಾರ್ಟ್ಸ್ ಕೂಡ, 2022ರ ಡಿಸೆಂಬರಿನಲ್ಲಿ, 11 ವರ್ಷಕ್ಕೆ 28 ಕೋಟಿ ಡಾಲರಿಗೆ ಸ್ಯಾನ್ ಡಿಯಾಗೊಗೆ ಹೋಗಿದ್ದ. ಅಷ್ಟು ದೊಡ್ಡ ಮೊತ್ತ ಕೊಡಬಾರದಿತ್ತು ಅಂತ ನಾನು ಈಗಲೂ ಹೇಳುತ್ತೇನೆ. ಆದರೆ ಅದಕ್ಕೆ ಎಷ್ಟೋ ಮುಂಚೆ, ಅವನು ಉಳಿಯಬೇಕು ಅಂತ ಬಾಯಿಬಿಟ್ಟು ಹೇಳುತ್ತಿದ್ದ ದಿನಗಳಲ್ಲಿ, ಮರ್ಯಾದೆಯ ಒಂದು ಮೊತ್ತ ಮುಂದಿಟ್ಟಿದ್ದರೆ ಮಾತು ಅಲ್ಲಿಯವರೆಗೆ ಹೋಗುತ್ತಿರಲಿಲ್ಲ. 2014ರಲ್ಲಿ ಜಾನ್ ಲೆಸ್ಟರ್ ವಿಷಯದಲ್ಲಿ ಇದೇ ಆಗಿತ್ತು. ಕ್ಯಾನ್ಸರ್ ಗೆದ್ದು ಬಂದು, ಎರಡು ಕಪ್ ಗೆಲ್ಲಿಸಿಕೊಟ್ಟ ಪಿಚರ್. ಅವನಿಗೆ ಮೊದಲು ಮುಂದಿಟ್ಟದ್ದು ನಾಲ್ಕು ವರ್ಷಕ್ಕೆ 7 ಕೋಟಿ. ಅದೇ ಬೇಸಿಗೆಯಲ್ಲಿ ಅವನನ್ನು ಓಕ್‌ಲ್ಯಾಂಡಿಗೆ ಕೊಟ್ಟರು. ಚಳಿಗಾಲದಲ್ಲಿ ಶಿಕಾಗೊ ಕಬ್ಸ್ ಆರು ವರ್ಷಕ್ಕೆ 15.5 ಕೋಟಿ ಕೊಟ್ಟಿತು, 2016ರಲ್ಲಿ ಅಲ್ಲೂ ಕಪ್ ಬಂತು. ಮೊದಲ ಮಾತಿಗೇ ಮನಸ್ಸು ಮುರಿದರೆ ಆಮೇಲೆ ದುಡ್ಡು ಎಷ್ಟು ಏರಿಸಿದರೂ ಕೂಡುವುದಿಲ್ಲ. ಹೆಣ್ಣು ಕೊಡುವ ಮನೆಯ ಮಾತುಕತೆ ನೋಡಿದವರು ಯಾರಾದರೂ ಇದನ್ನು ಹೇಳಬಲ್ಲರು.

ನೋಮಾರ್ ವಿಷಯ

ಮನೆ ಹುಡುಗರನ್ನು ಯಾವತ್ತೂ ಕಳಿಸಲೇಬಾರದು ಅಂತ ನಾನು ವಾದಿಸುತ್ತಿಲ್ಲ. ಹಾಗೆ ವಾದಿಸುವವರಿಗೆ ಈ ಊರಿನ ಚರಿತ್ರೆಯೇ ಅಡ್ಡ ಬರುತ್ತದೆ. ಬೇಬ್ ರೂತ್‌ನನ್ನು 1920ರ ಹೊಸ್ತಿಲಲ್ಲಿ ಯಾಂಕೀಸ್‌ಗೆ ಮಾರಿದ ಕಥೆ ಎಲ್ಲರಿಗೂ ಗೊತ್ತು, 1918ರ ಗೆಲುವಿನ ನಂತರ ಮುಂದಿನ ಕಪ್‌ಗೆ 86 ವರ್ಷ ಕಾಯಬೇಕಾಯಿತು. ಆದರೆ 2004ರಲ್ಲಿ ಆ ಕಾಯುವಿಕೆ ಮುಗಿದದ್ದು ಇನ್ನೊಬ್ಬ ಮನೆ ಹುಡುಗನನ್ನು ಕಳಿಸಿದ ಮೇಲೆ. ನೋಮಾರ್ ಗಾರ್ಸಿಯಾಪಾರಾ, 1999 ಮತ್ತು 2000ದಲ್ಲಿ ಸತತವಾಗಿ ಲೀಗಿನ ಬ್ಯಾಟಿಂಗ್ ಸರಾಸರಿಯಲ್ಲಿ ಮೊದಲಿಗ, ಈ ಊರಿನ ಮಕ್ಕಳೆಲ್ಲ ಅವನ ಹಾಗೆ ಗ್ಲೌಸ್ ಎಳೆದುಕೊಂಡು ನೋಡುತ್ತಿದ್ದ ಕಾಲ. 2004ರ ಜುಲೈ 31ರಂದು, ಟ್ರೇಡ್ ಅಂದರೆ ತಂಡಗಳ ನಡುವೆ ಆಟಗಾರರ ಅದಲುಬದಲು ಮಾಡಲು ಕೊನೆಯ ದಿನ, ಆಗಿನ್ನೂ ಮೂವತ್ತರ ಜನರಲ್ ಮ್ಯಾನೇಜರ್ ಥಿಯೊ ಎಪ್‌ಸ್ಟೀನ್ ಅವನನ್ನು ಕಬ್ಸ್‌ಗೆ ಕಳಿಸಿದ. ಆ ಸಂಜೆ ಅಜ್ಜ ರೇಡಿಯೊ ಆಫ್ ಮಾಡಿ ಒಂದು ವಾರ ಹಾಕಲಿಲ್ಲವಂತೆ.

ಆದರೆ ಆವತ್ತು ತಂಡದ ಹತ್ತಿರ ಉತ್ತರವಿತ್ತು. ಬೇಸುಗಳ ಸುತ್ತಲಿನ ಒಳಾಂಗಣದ ಫೀಲ್ಡಿಂಗ್ ಸೋರುತ್ತಿದೆ, ಅಕ್ಟೋಬರಿನಲ್ಲಿ ಗೆಲ್ಲಬೇಕಾದರೆ ಅದನ್ನು ಮುಚ್ಚಬೇಕು. ಆರರ ಜಾಗಕ್ಕೆ ಒರ್ಲಾಂಡೊ ಕಬ್ರೇರಾ, ಮೂರರ ಜಾಗಕ್ಕೆ ಡಗ್ ಮಿಂಟ್‌ಕೇವಿಚ್ ಬಂದರು. ಅದೇ ದಿನ ಇನ್ನೊಂದು ಸಣ್ಣ ಟ್ರೇಡಿನಲ್ಲಿ ಡಾಡ್ಜರ್ಸ್‌ನಿಂದ ಡೇವ್ ರಾಬರ್ಟ್ಸ್ ಅನ್ನುವ ವೇಗದ ಓಟಗಾರ ಬಂದ. ಅಕ್ಟೋಬರ್ 17ರ ರಾತ್ರಿ ಯಾಂಕೀಸ್ ವಿರುದ್ಧ ಸರಣಿಯಲ್ಲಿ 0-3 ಹಿಂದೆ, ನಾಲ್ಕನೇ ಪಂದ್ಯದ ಒಂಬತ್ತನೇ ಇನ್ನಿಂಗ್ಸ್, ಒಂದು ರನ್ ಹಿನ್ನಡೆ. ರಾಬರ್ಟ್ಸ್ ಎರಡನೇ ಬೇಸ್ ಕದಿಯುತ್ತಾನೆ, ಅಂದರೆ ಪಿಚರ್ ಎಸೆಯುವಷ್ಟರಲ್ಲಿ ಮೊದಲ ಬೇಸಿನಿಂದ ಅಲ್ಲಿಗೆ ಓಡುತ್ತಾನೆ ಅಂತ ಕ್ರೀಡಾಂಗಣದಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು, ಯಾಂಕೀಸ್‌ಗೂ ಗೊತ್ತಿತ್ತು, ಆದರೂ ಕದ್ದ. ಅಲ್ಲಿಂದ ಸತತ ನಾಲ್ಕು ಪಂದ್ಯ ಗೆದ್ದು, ವರ್ಲ್ಡ್ ಸೀರೀಸನ್ನೂ ನಾಲ್ಕಕ್ಕೆ ನಾಲ್ಕು ಗೆದ್ದರು. ನೋಮಾರ್‌ನನ್ನು ಕಳಿಸಿದ್ದು ಆಟಕ್ಕಾಗಿ. ಮುಂದಿನ ತಿಂಗಳು ಮೈದಾನದಲ್ಲಿ ಯಾರು ಎಲ್ಲಿ ನಿಲ್ಲುತ್ತಾರೆ ಎನ್ನುವುದೇ ಅದರ ಕಾರಣ. ಅಂಥ ಕಾರಣ ಕೊಟ್ಟರೆ ಅಭಿಮಾನಿ ಅಳುತ್ತಾನೆ, ಆದರೆ ಒಪ್ಪುತ್ತಾನೆ. ಬೆಟ್ಸ್ ವಿಷಯದಲ್ಲಿ ತೆರಿಗೆಯ ಗೆರೆಯನ್ನು ತೋರಿಸಿದರು. ಗೆರೆಗೋಸ್ಕರ ಯಾರೂ ಮಗಳನ್ನು ಕರಕೊಂಡು ರೈಲು ಹತ್ತುವುದಿಲ್ಲ.

ಹನ್ನೊಂದನೇ ನಂಬರಿನ ಅಂಗಿ

ಡೆವರ್ಸ್ ವಿಷಯ ಇವೆರಡಕ್ಕಿಂತ ಬೇರೆ, ಅದಕ್ಕೇ ಅದು ಹೆಚ್ಚು ನೋಯಿಸುತ್ತದೆ. ಡೊಮಿನಿಕನ್ ರಿಪಬ್ಲಿಕ್‌ನ ಸಮಾನಾದಿಂದ ಹದಿನಾರರ ವಯಸ್ಸಿನಲ್ಲಿ ಸಹಿ ಹಾಕಿಸಿಕೊಂಡು ಬಂದ ಹುಡುಗ. ಇಪ್ಪತ್ತು ವರ್ಷಕ್ಕೆ ತಂಡ ಸೇರಿದ ಬೇಸಿಗೆಯಲ್ಲೇ ನ್ಯೂಯಾರ್ಕಿಗೆ ಹೋಗಿ ಆರಲ್ಡಿಸ್ ಚಾಪ್‌ಮನ್‌ನ ನೂರು ಮೈಲಿಗೂ ಮೀರಿದ ಎಸೆತವನ್ನು ಹೋಮ್ ರನ್ ಹೊಡೆದವನು. ಬೆಟ್ಸ್, ಬೊಗಾರ್ಟ್ಸ್ ಇಬ್ಬರೂ ಹೋದ ಮೇಲೆ ಊರವರ ಸಿಟ್ಟು ನೋಡಿ, 2023ರ ಜನವರಿಯಲ್ಲಿ ಇವನಿಗೆ ಹತ್ತು ವರ್ಷಕ್ಕೆ 31.35 ಕೋಟಿ ಡಾಲರ್ ಬರೆದುಕೊಟ್ಟರು. ಇವನು ಎಲ್ಲೂ ಹೋಗುವುದಿಲ್ಲ ಅಂತ ಧೈರ್ಯ ಬಂದು ಮಗಳಿಗೆ ಆ ಅಂಗಿ ಕೊಡಿಸಿದ್ದು ಆಮೇಲೆಯೇ.

2025ರ ಫೆಬ್ರವರಿಯಲ್ಲಿ ಅಲೆಕ್ಸ್ ಬ್ರೆಗ್ಮನ್‌ನನ್ನು ಮೂರು ವರ್ಷಕ್ಕೆ 12 ಕೋಟಿಗೆ ಕರೆತಂದರು. ಬ್ರೆಗ್ಮನ್ ಕೂಡ ಮೂರನೇ ಬೇಸಿನವನು, ಹಿಂದಿನ ವರ್ಷವಷ್ಟೇ ಒಳ್ಳೆಯ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲೌವ್ ಗೆದ್ದವನು. ಡೆವರ್ಸ್‌ನ ಕೈಯಲ್ಲಿ ಚೆಂಡು ನಿಲ್ಲುವುದು ಕಡಿಮೆ ಎನ್ನುವುದು ನಿಜ, ಐದರ ಜಾಗದಲ್ಲಿ ಅವನು ಮಾಡಿದ ತಪ್ಪುಗಳು ಅಜ್ಜನ ಪುಸ್ತಕದ ತುಂಬ ಇವೆ. ಇವನು ಬರೀ ಬ್ಯಾಟ್ ಮಾಡಲಿ, ಅವನು ಫೀಲ್ಡಿಂಗ್‌ಗೆ ನಿಲ್ಲಲಿ ಎನ್ನುವುದು ಆಟದ ದೃಷ್ಟಿಯಿಂದ ಸರಿಯಾದ ನಿರ್ಧಾರವೇ. ನಮ್ಮ ಇಂಪ್ಯಾಕ್ಟ್ ಪ್ಲೇಯರ್ ಇದ್ದ ಹಾಗೆ ಇಲ್ಲಿ ಬ್ಯಾಟಿಂಗ್ ಮಾತ್ರ ಮಾಡುವ ಒಬ್ಬನಿಗೆ ಅವಕಾಶವಿದೆ. ಆದರೆ ಹೊಸಬನಿಗೆ ಸಹಿ ಹಾಕಿಸುವ ಮುಂಚೆ ಹಳಬನನ್ನು ಕೂರಿಸಿಕೊಂಡು ಮಾತಾಡಬೇಕಿತ್ತು. ಮೂರನೇ ಬೇಸ್ ನನ್ನ ಜಾಗ ಅಂತ ಅವನು ಪತ್ರಕರ್ತರ ಮುಂದೆ ಹೇಳಿದಾಗಲೇ, ಒಳಗೆ ಯಾರೂ ಅವನ ಜೊತೆ ಸರಿಯಾಗಿ ಮಾತಾಡಿಲ್ಲ ಅಂತ ಗೊತ್ತಾಗುತ್ತಿತ್ತು. ಕೊನೆಗೆ ಒಪ್ಪಿದ. ಮೊದಲ ಐದು ಪಂದ್ಯ ಒಂದೂ ಹಿಟ್ ಇಲ್ಲದೆ ಒದ್ದಾಡಿ, ಆಮೇಲೆ ಲಯಕ್ಕೆ ಬಂದ. ಮೇ ತಿಂಗಳ ಶುರುವಿನಲ್ಲಿ ಮೊದಲ ಬೇಸಿನ ಟ್ರಿಸ್ಟನ್ ಕಸಾಸ್ ಮಂಡಿಯ ಪೆಟ್ಟಿನಿಂದ ಬಿದ್ದ. ಈಗ ನೀನು ಅಲ್ಲಿ ನಿಲ್ಲು ಅಂದರು. ಗ್ಲೌಸ್ ಒಳಗಿಡು ಅಂದವರು ನೀವೇ, ಈಗ ತೆಗಿ ಅನ್ನುತ್ತೀರಾ, ಬೇರೆಯವರನ್ನು ಹುಡುಕುವುದು ನಿಮ್ಮ ಕೆಲಸ ಅಂತ ಅವನು ಬಹಿರಂಗವಾಗಿ ಹೇಳಿದ. ಮಾಲೀಕ ಜಾನ್ ಹೆನ್ರಿಯೇ ತಂಡ ಆಡುತ್ತಿದ್ದ ಕ್ಯಾನ್ಸಸ್ ಸಿಟಿಗೆ ವಿಮಾನ ಹತ್ತಿ ಹೋಗಿ ಮಾತಾಡಬೇಕಾಯಿತು. ಅಷ್ಟು ಹೊತ್ತಿಗೆ ತಡವಾಗಿತ್ತು. ಮಾತು ಬಲ್ಲವನಿಗೆ ಜಗಳವಿಲ್ಲ ಅಂತ ನಮ್ಮ ಕಡೆ ಸುಮ್ಮನೆ ಹೇಳಲಿಲ್ಲ.

ಡೆವರ್ಸ್ ಮಾಡಿದ್ದೂ ಸರಿಯಲ್ಲ. ನನ್ನ ಮನಸ್ಸಿಗೆ ಆಗ ಬಂದದ್ದು ದ್ರಾವಿಡ್. ಒಬ್ಬ ಬ್ಯಾಟ್ಸ್‌ಮನ್ ಹೆಚ್ಚಿಗೆ ಆಡಲಿ ಅಂತ 2003ರ ವಿಶ್ವಕಪ್ ಪೂರ್ತಿ ಕೀಪಿಂಗ್ ಗ್ಲೌಸ್ ತೊಟ್ಟು ನಿಂತ ಮನುಷ್ಯ. ಟೆಸ್ಟಿನಲ್ಲಿ ಅವರ ಜಾಗ ಸ್ಲಿಪ್, ಕೀಪಿಂಗ್ ಅವರ ಪ್ರೀತಿಯ ಕೆಲಸವಾಗಿರಲಿಲ್ಲ. ಈಗ ಕೆ. ಎಲ್. ರಾಹುಲ್ ಅದನ್ನೇ ಮಾಡುತ್ತಿದ್ದಾನೆ, ಒಂದನೇ ಕ್ರಮಾಂಕ ಅಂದರೆ ಒಂದು, ಆರು ಅಂದರೆ ಆರು. ನಮ್ಮ ಕಡೆಯವರಿಗೆ ಇದು ರಕ್ತದಲ್ಲೇ ಬಂದಿದೆ ಅಂತ ಹೆಮ್ಮೆಪಡುತ್ತಿದ್ದೆ. ಆದರೆ ಯೋಚಿಸುತ್ತಾ ಹೋದ ಹಾಗೆ ನನ್ನದೇ ಒಂದು ನೆನಪು ಅಡ್ಡ ಬಂತು. ಹಾಸನದಲ್ಲಿ ಕಾಲೇಜು ತಂಡಕ್ಕೆ ನಾನು ವಿಕೆಟ್ ಕೀಪರ್. ನನಗಿಂತ ಚೆನ್ನಾಗಿ ಹಿಡಿಯುವ ಒಬ್ಬ ಹುಡುಗ ಸೇರಿದ. ಪಂದ್ಯದ ಹಿಂದಿನ ರಾತ್ರಿ ನಮ್ಮ ಕ್ಯಾಪ್ಟನ್ ಹಾಸ್ಟೆಲಿನ ನನ್ನ ಕೋಣೆಗೆ ಬಂದು, ಮಂಚದ ತುದಿಯಲ್ಲಿ ಕೂತು, ಬಹಳ ಹೊತ್ತು ಪರೀಕ್ಷೆ, ಮೆಸ್ ಊಟ ಅಂತ ಏನೇನೋ ಮಾತಾಡಿದ. ಆಮೇಲೆ, "ಮಗಾ, ಪಾಯಿಂಟ್‌ನಲ್ಲಿ ನಿಂಗಿಂತ ಚೆನ್ನಾಗಿ ನಿಲ್ಲೋರು ನಮ್ಮಲ್ಲಿ ಯಾರೂ ಇಲ್ಲ. ಗ್ಲೌಸ್ ಅವನಿಗೆ ಕೊಡೋಣ್ವಾ? ನೀನು ಬೇಡ ಅಂದ್ರೆ ಬೇಡ" ಅಂದ. ನಾನೇ ಗ್ಲೌಸ್ ತೆಗೆದು ಅವನ ಕೈಗೆ ಕೊಟ್ಟೆ. ಬೆಳಿಗ್ಗೆ ನೋಟಿಸ್ ಬೋರ್ಡಿನಲ್ಲಿ ಅದೇ ವಿಷಯ ಓದಿದ್ದರೆ ನಾನು ಪಾಯಿಂಟ್‌ನಲ್ಲಿ ಹೇಗೆ ನಿಲ್ಲುತ್ತಿದ್ದೆ ಎನ್ನುವುದು ನನಗೆ ಗೊತ್ತು.

ಬೆಟ್ಸ್ ಕೂಡ ಹುಟ್ಟಾ ಒಂಬತ್ತರವನಲ್ಲ. ಎರಡನೇ ಬೇಸಿನಲ್ಲಿ ಬೆಳೆದ ಹುಡುಗ. ಬಾಸ್ಟನ್ನಿನಲ್ಲಿ ಆ ಜಾಗ ಡಸ್ಟಿನ್ ಪೆಡ್ರೊಯಾನದು ಅಂತ ಹೇಳಿ ಹುಲ್ಲಿನ ಕಡೆ ಕಳಿಸಿದರು, ಕಲಿತು ಗೋಲ್ಡ್ ಗ್ಲೌವ್ ಗೆದ್ದ. ಜಾಗ ಬದಲಿಸು ಅಂತ ಕೇಳುವುದು ಈ ತಂಡಕ್ಕೆ ಗೊತ್ತಿತ್ತು, ಯಾವಾಗಲೋ ಮರೆತುಹೋಯಿತು.

2025ರ ಜೂನ್ 15, ಭಾನುವಾರ. ಅಮೆರಿಕದಲ್ಲಿ ಅಪ್ಪಂದಿರ ದಿನ. ಆ ಹದಿನೈದು ದಿನ ನನ್ನ ಮನಸ್ಸು ಅರ್ಧ ಬೆಂಗಳೂರಿನಲ್ಲೇ ಇತ್ತು. ಜೂನ್ 3ರಂದು ಆರ್‌ಸಿಬಿ ಹದಿನೆಂಟು ವರ್ಷದ ಮೇಲೆ ಕಪ್ ಗೆದ್ದದ್ದು, ಮರುದಿನ ಚಿನ್ನಸ್ವಾಮಿಯ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತದ್ದು, ಖುಷಿಪಟ್ಟ ಬಾಯಲ್ಲೇ ಮಣ್ಣು ಬಿದ್ದ ಹಾಗಾಗಿತ್ತು. ಸ್ವಲ್ಪ ಹಗುರಾಗಲಿ ಅಂತ ಮಗಳನ್ನು ಕರೆದುಕೊಂಡು ಫೆನ್‌ವೇಗೆ ಹೋದೆ. ಯಾಂಕೀಸ್ ವಿರುದ್ಧದ ಮೂರನೇ ಪಂದ್ಯ. ಡೆವರ್ಸ್ ಹೋಮ್ ರನ್ ಹೊಡೆದ, 2-0 ಗೆಲುವು, ಮೂರಕ್ಕೆ ಮೂರೂ ನಮ್ಮದು. ಮಗಳು 11ರ ಅಂಗಿಯಲ್ಲಿ ಕುಣಿದು ಕುಣಿದು ಸುಸ್ತಾಗಿ ರೈಲಿನಲ್ಲಿ ನನ್ನ ಭುಜಕ್ಕೊರಗಿ ಮಲಗಿದ್ದಳು. ಮನೆಗೆ ಬಂದು, ಅಂಗಿ ಕೂಡ ಬದಲಿಸದೆ ಚಿತ್ರಾನ್ನದ ತಟ್ಟೆ ಮುಂದೆ ಕೂತಿದ್ದಾಗ ಫೋನಿನಲ್ಲಿ ಸುದ್ದಿ ಬಂತು. ಸಿಯಾಟಲ್‌ಗೆ ಹೊರಟಿದ್ದ ತಂಡದಿಂದ ಡೆವರ್ಸ್‌ನನ್ನು ಬಿಡಿಸಿ ಸ್ಯಾನ್ ಫ್ರಾನ್ಸಿಸ್ಕೊಗೆ ಕೊಟ್ಟಿದ್ದಾರೆ. ನಾನು ಹೇಳಬೇಕೋ ಬೇಡವೋ ಅಂತ ನೋಡುತ್ತಿರುವಾಗಲೇ ಅವಳಿಗೆ ನನ್ನ ಮುಖದಲ್ಲಿ ಗೊತ್ತಾಯಿತು. ಹೇಳಿದೆ. ಕಡಲೆಬೀಜವನ್ನು ತಟ್ಟೆಯ ಅಂಚಿಗೆ ಒಂದೊಂದಾಗಿ ಸರಿಸುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಪ್ಪಾ, ಇವತ್ತು ಹೋಮ್ ರನ್ ಹೊಡೀವಾಗ ಅವನಿಗೆ ಗೊತ್ತಿತ್ತಾ?" ಅಂತ ಕೇಳಿದಳು. ಗೊತ್ತಿರಲಿಲ್ಲ ಅನ್ನಿಸುತ್ತೆ ಪುಟ್ಟಿ, ಅಂದೆ. "ಅವರಿಗೆ ಗೊತ್ತಿತ್ತಲ್ವಾ?" ಅಂದಳು. ಕೈ ತೊಳೆದುಕೊಂಡು ಹೋಗಿ ಅಂಗಿ ಬಿಚ್ಚಿ, ಮಡಚಿ, ಕೆಳಗಿನ ಅರೆಯಲ್ಲಿಟ್ಟಳು.

ಬದಲಿಗೆ ಬಂದವರು ನಾಲ್ವರು. ಜೋರ್ಡನ್ ಹಿಕ್ಸ್, ಕೈಲ್ ಹ್ಯಾರಿಸನ್, ಜೇಮ್ಸ್ ಟಿಬ್ಸ್, ಹೋಸೆ ಬೆಯೊ. ಇವರಲ್ಲಿ ಟಿಬ್ಸ್‌ನನ್ನು ಏಳು ವಾರದೊಳಗೆ ಡಾಡ್ಜರ್ಸ್‌ಗೆ ಕೊಟ್ಟರು. ಡೆವರ್ಸ್‌ಗೆ ಬಾಕಿಯಿದ್ದ 25 ಕೋಟಿಗೂ ಹೆಚ್ಚಿನ ಸಂಬಳ ಸ್ಯಾನ್ ಫ್ರಾನ್ಸಿಸ್ಕೊ ಪಾಲಾಯಿತು. ಕಳಿಸಿದ್ದೇ ಸರಿ ಅನ್ನುವವರ ಮಾತಿನಲ್ಲೂ ಹುರುಳಿದೆ. ಜುಲೈನಲ್ಲಿ ತಂಡ ಸತತ ಹತ್ತು ಪಂದ್ಯ ಗೆದ್ದಿತು, 89 ಗೆಲುವಿನೊಂದಿಗೆ ಮುಂದಿನ ಸುತ್ತಿಗೂ ಹೋಯಿತು, ಇಪ್ಪತ್ತೊಂದರ ರೋಮನ್ ಆಂಥನಿಗೆ ಎಂಟು ವರ್ಷಕ್ಕೆ 13 ಕೋಟಿ ಬರೆದುಕೊಟ್ಟು ಒಳ್ಳೆಯ ಕೆಲಸ ಮಾಡಿದರು. ಒಳಗಿನ ವಾತಾವರಣ ತಿಳಿಯಾಯಿತು ಅಂತಲೂ ಹೇಳಿದರು. ಇರಬಹುದು. ಆದರೆ ಆ ಸುತ್ತಿನಲ್ಲಿ ಯಾಂಕೀಸ್ ಎದುರು ಮೊದಲ ಪಂದ್ಯ ಗೆದ್ದು, ಎರಡನೆಯದು 3-4, ಮೂರನೆಯದು 0-4 ಸೋತು ಮನೆಗೆ ಬಂದಾಗ, ಕೊನೆಯ ಒಂಬತ್ತು ಇನ್ನಿಂಗ್ಸಿನಲ್ಲಿ ಒಂದೇ ಒಂದು ರನ್ನಿಗೆ ಪರದಾಡುತ್ತಿದ್ದಾಗ, ನನ್ನ ಕಣ್ಣು ಬ್ಯಾಟಿಂಗ್ ಪಟ್ಟಿಯಲ್ಲಿ ಒಂದು ಹೆಸರನ್ನು ಹುಡುಕುತ್ತಿತ್ತು. ನಮಗೆ 73 ಪಂದ್ಯದಲ್ಲಿ 15 ಹೋಮ್ ರನ್ ಹೊಡೆದುಕೊಟ್ಟು ಹೋದವನ ಹೆಸರು. ಯಾರಿಗಾಗಿ ಅವನನ್ನು ಐದರ ಜಾಗದಿಂದ ಎಬ್ಬಿಸಿದರೋ ಆ ಬ್ರೆಗ್ಮನ್ ಒಪ್ಪಂದದಲ್ಲಿದ್ದ ಹಕ್ಕು ಬಳಸಿ ಹೊರನಡೆದು, 2026ರ ಜನವರಿಯಲ್ಲಿ ಶಿಕಾಗೊ ಕಬ್ಸ್ ಸೇರಿದ. ಒಂದು ವರ್ಷ ತುಂಬುವುದರೊಳಗೆ ಮೂರನೇ ಬೇಸಿಗೆ ಇದ್ದ ಇಬ್ಬರೂ ಇಲ್ಲ.

ಇನ್ನೊಂದು ಸಂಗತಿ ಇವೆಲ್ಲಕ್ಕಿಂತ ಹೆಚ್ಚು ಚುಚ್ಚುತ್ತದೆ. ಜುಲೈ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಡೆವರ್ಸ್ ಗ್ಲೌಸ್ ತೊಟ್ಟು ಮೊದಲ ಬೇಸಿನಲ್ಲಿ ನಿಂತ. ಬಾಸ್ಟನ್ನಿನಲ್ಲಿ ಯಾವ ಜಾಗಕ್ಕೆ ಒಲ್ಲೆ ಅಂದಿದ್ದನೋ ಅದೇ ಜಾಗ. ಅಲ್ಲಿ ಅವನ ಜೊತೆ ಯಾರು, ಹೇಗೆ ಮಾತಾಡಿದರು, ಮಂಚದ ತುದಿಯಲ್ಲಿ ಯಾರು ಕೂತರು ಎನ್ನುವುದು ಒಳಗಿನವರಿಗೇ ಗೊತ್ತು. ಅವನ ಗ್ಲೌಸ್ ಅಂತೂ ಹೊರಗೆ ಬಂತು.

ನವೆಂಬರ್ ಒಂದರ ರಾತ್ರಿ

2025ರ ವರ್ಲ್ಡ್ ಸೀರೀಸಿನ ಏಳನೇ ಪಂದ್ಯವನ್ನು ನಾನು ಪೂರ್ತಿ ನೋಡಿದೆ. ಟೊರಾಂಟೊದಲ್ಲಿ ಬ್ಲೂ ಜೇಸ್ ವಿರುದ್ಧ ಡಾಡ್ಜರ್ಸ್. ರಾಜ್ಯೋತ್ಸವದ ದಿನ, ಬೆಳಿಗ್ಗೆ ಊರಿಗೆ ಫೋನ್ ಮಾಡಿ ಶುಭಾಶಯ ಹೇಳಿದ್ದೆ, ರಾತ್ರಿ ಹನ್ನೆರಡು ದಾಟಿದರೂ ಪಂದ್ಯ ಮುಗಿದಿರಲಿಲ್ಲ. ಡಾಡ್ಜರ್ಸ್ ಮ್ಯಾನೇಜರ್ ಅದೇ ಡೇವ್ ರಾಬರ್ಟ್ಸ್, 2004ರಲ್ಲಿ ನಮಗಾಗಿ ಎರಡನೇ ಬೇಸ್ ಕದ್ದವನು. ಶಾರ್ಟ್‌ಸ್ಟಾಪ್ ಜಾಗದಲ್ಲಿ ಮೂಕಿ ಬೆಟ್ಸ್. ವಯಸ್ಸು 33. ಬಲಗಡೆಯ ಹುಲ್ಲಿನಲ್ಲಿ ಆರು ಗೋಲ್ಡ್ ಗ್ಲೌವ್ ಗೆದ್ದವನು ಮೂವತ್ತು ದಾಟಿದ ಮೇಲೆ ಒಳಾಂಗಣದ ಅತಿ ಕಷ್ಟದ ಜಾಗವನ್ನು ಅಭ್ಯಾಸ ಮಾಡಿ ಕಲಿತು, ಆ ವರ್ಷ ಪೂರ್ತಿ ಅಲ್ಲೇ ಆಡಿದ್ದ. ಹನ್ನೊಂದನೇ ಇನ್ನಿಂಗ್ಸ್, ಡಾಡ್ಜರ್ಸ್ 5-4 ಮುಂದೆ. ಮೊದಲ ಮತ್ತು ಮೂರನೇ ಬೇಸಿನಲ್ಲಿ ಟೊರಾಂಟೊದವರು, ಒಬ್ಬ ಔಟ್. ಕರ್ಕ್ ಹೊಡೆದ ಚೆಂಡು ನೆಲ ಕಚ್ಚಿ ಬೆಟ್ಸ್ ಕಡೆ ಬಂತು. ಹಿಡಿದ, ಎರಡನೇ ಬೇಸ್ ತಾನೇ ತುಳಿದ, ಮೊದಲ ಬೇಸಿಗೆ ಎಸೆದ. ಇಬ್ಬರೂ ಔಟ್. ಅವನಿಗೆ ಡಾಡ್ಜರ್ಸ್ ಜೊತೆ ಮೂರನೇ ಕಪ್. ಕಿಟಕಿಯಿಂದ ನೋಡಿದರೆ ಅಜ್ಜನ ಮನೆಯ ಹಜಾರದ ದೀಪ ಇನ್ನೂ ಉರಿಯುತ್ತಿತ್ತು.

ಬೆಳಿಗ್ಗೆ ಅವರ ಅಂಗಳದ ಎಲೆ ಗುಡಿಸಿಕೊಡಲು ಹೋದಾಗ ಸ್ಕೋರ್ ಪುಸ್ತಕ ಮೇಜಿನ ಮೇಲೆ ತೆರೆದೇ ಇತ್ತು. ಕೊನೆಯ ಚೌಕದಲ್ಲಿ 6-3 ಎಂದು ಬರೆದು ಸುತ್ತ ಗೆರೆ ಎಳೆದಿದ್ದರು. ಬೆಟ್ಸ್ ಹೆಸರಿನ ಪಕ್ಕ ಕಾಗದ ಸ್ವಲ್ಪ ತೆಳುವಾಗಿ, ರಬ್ಬರಿನ ಪುಡಿ ಅಂಟಿಕೊಂಡಿತ್ತು. ಅಲ್ಲಿ ಮೊದಲು 9 ಬರೆದು, ಆಮೇಲೆ ಉಜ್ಜಿ ಅಳಿಸಿ, ಅದರ ಮೇಲೇ 6 ಎಂದು ತಿದ್ದಿದ್ದರು.